ಪಹಣಿ ಓದಲು ಬರುವವಳು ಬೇಕು

ಪಾಂಡವಪುರ
ಭಾನುವಾರ

ಪುಟ್ಟೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಕೇಳಿದೆ. ಪಿಯುಸಿ ಆಯಿತು, ಮುಂದೆ ಸೋಷಿಯಲ್ ವರ್ಕ್ ಮಾಡುವ ಆಸೆ, ಅದಕ್ಕೆ ಡಿಗ್ರಿಯಲ್ಲಿ ಏನು ತಗೊಳ್ಳಲಿ, ಅಪ್ಪ ಬಿ.ಕಾಂ. ಅಂತಾರೆ, ಲೆಕ್ಚರರ್ ಸಮಾಜಕಾರ್ಯದ ಡಿಗ್ರಿ ಬಿಎಸ್‌ಡಬ್ಲ್ಯು ಅಂತಾರೆ, ನೀನೇನಂತೀಯ ದೊಡ್ಡವ್ವ ಅಂದಿದ್ದೀಯ. ಇದಕ್ಕೆ ಎರಡು ನಿಮಿಷದ ಮಾತು ಸಾಲದು, ಅದಕ್ಕೇ ಕಾಗದ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಬಿ.ಎ. ಸೇರು. ಅದರಲ್ಲಿ ಅರ್ಥಶಾಸ್ತ್ರ ಇರಲೇಬೇಕು. ಜೊತೆಗೆ ಸಮಾಜಶಾಸ್ತ್ರ ಇರಲಿ. ಮೂರನೆಯದಾಗಿ ಮನಃಶಾಸ್ತ್ರ ಸಿಕ್ಕಿದರೆ ನಿನ್ನ ಪುಣ್ಯ. ಸಿಗದಿದ್ದರೆ ಇತಿಹಾಸವೋ ರಾಜ್ಯಶಾಸ್ತ್ರವೋ ಇರಲಿ, ಅದಕ್ಕೇನೂ ಕೊರಗಬೇಡ. ಸಮಾಜಸೇವೆ ಅಂದ ಕೂಡಲೇ ಎಲ್ಲರೂ ಸಮಾಜಶಾಸ್ತ್ರ ಅನ್ನುತ್ತಾರೆ, ಈ ದೊಡ್ಡವ್ವ ಯಾಕೆ ಎಕನಾಮಿಕ್ಸ್ ಅನ್ನುತ್ತಾಳೆ ಅಂತ ನಿನಗೆ ಅನ್ನಿಸಬಹುದು. ಅಂಗನವಾಡಿ ಮೇಲ್ವಿಚಾರಕಿಯಾಗಿ ನಮ್ಮ ಕಡೆಯ ನಾಲ್ಕು ತಾಲೂಕಿನ ಮಣ್ಣು ತುಳಿದವಳು ನಾನು. ಓದಿದ್ದು ಗೃಹವಿಜ್ಞಾನ. ಮಗುವಿನ ತೂಕ ನೋಡಲು, ಬಾಣಂತಿಗೆ ಏನು ತಿನ್ನಬೇಕು ಅಂತ ಹೇಳಲು ಆ ಓದು ಚೆನ್ನಾಗಿಯೇ ಕೆಲಸಕ್ಕೆ ಬಂತು. ಆದರೆ ಮಗು ಯಾಕೆ ಸೊರಗಿದೆ ಅಂತ ಮನೆಯೊಳಗೆ ಕೂತು ಕೇಳಿದರೆ, ಹತ್ತರಲ್ಲಿ ಎಂಟು ಮನೆಯಲ್ಲಿ ಮಾತು ಸಾಲಕ್ಕೆ ಬಂದು ನಿಲ್ಲುತ್ತಿತ್ತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಸರ್ಕಾರದ ಕಾಗದದಲ್ಲಿ ನಾಲ್ಕೂ ಸೇರಿ ಪಾಂಡವಪುರ ಉಪವಿಭಾಗ, ನಾಲ್ಕಕ್ಕೂ ಒಬ್ಬರೇ ಎ.ಸಿ. ಸಾಹೇಬರು. ಕಾಗದದಲ್ಲಿ ಒಂದು, ಕಷ್ಟದಲ್ಲಿ ನಾಲ್ಕು. ಪಾಂಡವಪುರದ ಬಯಲಿಗೆ ನಾಲೆ ನೀರಿದೆ, ಕಬ್ಬಿದೆ, ಕಬ್ಬಿನ ಬಾಕಿಯೂ ಇದೆ. ಶ್ರೀರಂಗಪಟ್ಟಣಕ್ಕೆ ಹೊಳೆ, ಹೆದ್ದಾರಿ, ಪ್ರವಾಸಿಗರು, ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವ ಜನ. ನಾಗಮಂಗಲದಲ್ಲಿ ಬೆದ್ದಲು ಹೆಚ್ಚು, ರಾಗಿ-ಹುರುಳಿ-ತೆಂಗು, ಮಿಕ್ಕಿದ್ದು ಬೆಂಗಳೂರಿನ ಬಸ್ಸು. ನಿಮ್ಮ ಕೆ.ಆರ್.ಪೇಟೆಯ ಕಥೆ ನಾನು ಹೇಳಬೇಕೆ? ನಿಮ್ಮ ಬೀದಿಯಲ್ಲೇ ಬಾಂಬೆಗೆ ಹೋದ ಮನೆ ಎಷ್ಟು ಅಂತ ನೀನೇ ಎಣಿಸಬಲ್ಲೆ.

ಈ ನೀರು-ಬೆದ್ದಲಿನ ವ್ಯತ್ಯಾಸವನ್ನು ನಮಗಿಂತ ಮುಂಚೆ ಒಬ್ಬ ಹೊರಗಿನ ಹೆಂಗಸು ಕೂತು ನೋಡಿದರು. ಸ್ಕಾರ್ಲೆಟ್ ಎಪ್‌ಸ್ಟೈನ್ ಅಂತ. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲಕ್ಕೆ ಊರು ಬಿಟ್ಟು ಇಂಗ್ಲೆಂಡ್ ಸೇರಿದವರು. 1954ರಿಂದ 1956ರವರೆಗೆ ಮಂಡ್ಯದ ಸುತ್ತ ಎರಡು ಹಳ್ಳಿಗಳಲ್ಲಿ ಇದ್ದು ಬರೆದರು. ಪುಸ್ತಕ 1962ರಲ್ಲಿ ಬಂತು. ಹಳ್ಳಿಗಳ ನಿಜವಾದ ಹೆಸರು ಬಿಟ್ಟು ವಂಗಲ, ದಲೇನ ಅಂತ ಇಟ್ಟರು. ವಂಗಲಕ್ಕೆ ನಾಲೆ ನೀರು ಬಂತು, ದಲೇನಕ್ಕೆ ಬರಲಿಲ್ಲ. ನೀರು ಬಂದ ಊರು ಬದಲಾಯಿತು, ಬರದ ಊರು ಹಾಗೇ ಉಳಿಯಿತು ಅಂತ ತಾನೇ ನಾವು ಅಂದುಕೊಳ್ಳುವುದು? ಅವರು ಕಂಡಿದ್ದು ತಿರುಗಾಮುರುಗಾ. ನೀರು ಬಂದ ಊರಲ್ಲಿ ದುಡ್ಡು ಬಂತು, ಆದರೆ ಒಡೆಯ-ಆಳಿನ ಹಳೆಯ ಸಂಬಂಧ ಹಾಗೇ ಗಟ್ಟಿಯಾಗಿ ಉಳಿಯಿತು. ನೀರಿಲ್ಲದ ಊರಿನವರು ಬೇರೆ ಕಸುಬು ಹುಡುಕಿಕೊಂಡು ಪೇಟೆಗೆ ಹೋದರು, ಅಲ್ಲಿ ಕಟ್ಟು-ಕಟ್ಟಳೆ ಸಡಿಲವಾಯಿತು. ಎಪ್‌ಸ್ಟೈನ್ ಮೊದಲು ಅರ್ಥಶಾಸ್ತ್ರ ಓದಿ ಆಮೇಲೆ ಮಾನವಶಾಸ್ತ್ರಕ್ಕೆ ಬಂದವರು. ಮನೆಮನೆಯ ಆದಾಯ-ಖರ್ಚಿನ ಲೆಕ್ಕ ಬರೆದುಕೊಂಡಿದ್ದರಿಂದಲೇ ಅವರಿಗೆ ಜಾತಿಯ ಲೆಕ್ಕವೂ ತಿಳಿಯಿತು. ಮೈಸೂರಿನ ಗ್ರಂಥಾಲಯಕ್ಕೆ ಹೋದಾಗ ಆ ಪುಸ್ತಕ ಕೇಳಿ ನೋಡು. ಇಂಗ್ಲಿಷ್ ಕಷ್ಟವಾದರೂ ನಮ್ಮ ಊರಿನ ವಿಷಯವಾದ್ದರಿಂದ ಅರ್ಥವಾಗುತ್ತದೆ.

ಈಗ ಒಂದು ಮನೆಯ ವಿಷಯ. ಸಾಲ ತಾಳದೆ ರೈತರು ಸಾಲುಸಾಲಾಗಿ ಪ್ರಾಣ ಬಿಟ್ಟ 2015ರ ವರ್ಷ ನಿನಗೆ ನೆನಪಿರಲಾರದು, ಚಿಕ್ಕವಳು. ಮಂಡ್ಯದ ಹೆಸರು ದಿನಾ ಪೇಪರಿನಲ್ಲಿ ಬರುತ್ತಿತ್ತು. ಆ ವರ್ಷವೇ ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು. ಆ 5 ಲಕ್ಷ ಕೈಗೆ ಬರಬೇಕಾದರೆ ಉಪವಿಭಾಗದ ಸಮಿತಿ ಕೂರಬೇಕು. ಸತ್ತದ್ದು ಸಾಲದಿಂದಲೇ, ಜಮೀನಿತ್ತು, ಸಾಲ ಇತ್ತು ಅಂತ ಕಾಗದ ಸಮೇತ ತೋರಿಸಬೇಕು. ನನ್ನ ಸರ್ಕಲ್ಲಿನ ಒಂದು ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಮಡಿಲಲ್ಲಿ ಅಂಗನವಾಡಿಗೆ ಬರುವ ಮಗು. ಜಮೀನು ಇನ್ನೂ ಗಂಡನ ತಾತನ ಹೆಸರಲ್ಲೇ. ಮೂರು ತಲೆಮಾರಿನಿಂದ ಪೌತಿ ಖಾತೆ ಆಗಿಲ್ಲ. ಸಾಲ ಅಂತ ಇದ್ದದ್ದರಲ್ಲಿ ಸೊಸೈಟಿಯದು ಸ್ವಲ್ಪ, ಒಡವೆ ಅಡವಿಟ್ಟದ್ದು ಸ್ವಲ್ಪ, ಮಿಕ್ಕದ್ದೆಲ್ಲ ಕೈಸಾಲ. ಕೈಸಾಲಕ್ಕೆ ಯಾವ ಕಾಗದ? ಆ ಮನೆಗೆ ಎಲ್ಲರೂ ಬಂದರು. ಮುಖಂಡರು ಬಂದರು, ಟಿ.ವಿ.ಯವರು ಬಂದರು, ಅಕ್ಕಿ-ಬೇಳೆ ಕೊಟ್ಟವರೂ ಬಂದರು. ಆದರೆ ಉಪಕಾರ ಮಾಡಿದವಳು ಅದೇ ಬೀದಿಯ, ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ. ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತಳು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ನಮೂದಾಗಿದೆ, 12ರಲ್ಲಿ ಬೆಳೆ ಏನು ಅಂತ ಓದಿ, ಇರುವುದೇನು ಇಲ್ಲದ್ದೇನು ಅಂತ ಒಂದು ಹಾಳೆಯಲ್ಲಿ ಬರೆದಳು. ವಂಶವೃಕ್ಷಕ್ಕೆ ಎಲ್ಲಿ ಅರ್ಜಿ ಹಾಕಬೇಕು ಅಂತ ತಿಳಿದುಕೊಂಡು ಆಕೆಯನ್ನು ನಾಡಕಚೇರಿಗೆ ಕರೆದುಕೊಂಡು ಹೋದಳು. ಹಣ ಬರಲು ಬಹಳ ದಿನ ಹಿಡಿಯಿತು, ಆದರೂ ಬಂತು.

ಆ ಹುಡುಗಿ ಕಣ್ಣೀರು ಒರೆಸಲಿಲ್ಲ ಅಂತಲ್ಲ, ಒರೆಸಿದಳು. ಒರೆಸಿಯೂ ಕಾಗದ ಓದಿದಳು. ಇದನ್ನೇ ನಾನು ನಿನ್ನಲ್ಲಿ ನೋಡಬೇಕೆಂದಿರುವುದು. ಕರುಣೆ ನಿನ್ನಲ್ಲಿ ಬೇಕಾದಷ್ಟಿದೆ, ಅದು ನಿಮ್ಮವ್ವನಿಂದ ಬಂದದ್ದು. ಅದನ್ನು ಯಾವ ಕಾಲೇಜೂ ಕೊಡುವುದಿಲ್ಲ. ಕಾಗದ ಓದುವುದನ್ನು ಮಾತ್ರ ಕಲಿತೇ ಬರಬೇಕು.

ಇವತ್ತಿನ ಸಾಲದ ರೂಪ ಬೇರೆ. ಗಂಡಸರ ಹೆಸರಲ್ಲಿದ್ದ ಸಾಲ ಈಗ ಹೆಂಗಸರ ಹೆಸರಿಗೆ ಬಂದಿದೆ. ವಾರ ವಾರ ಕಂತು, ಗುಂಪಿನ ಜಾಮೀನು, ಒಬ್ಬಳು ಕಟ್ಟದಿದ್ದರೆ ಒಂಬತ್ತು ಜನ ಅವಳ ಬಾಗಿಲಲ್ಲಿ. ಒಂದು ಫೈನಾನ್ಸಿನ ಕಂತಿಗೆ ಇನ್ನೊಂದು ಫೈನಾನ್ಸಿನಲ್ಲಿ ಸಾಲ. ಕಿರುಕುಳ ಮಿತಿ ಮೀರಿ ಊರು ಬಿಟ್ಟವರು, ಜೀವ ಬಿಟ್ಟವರು ಹೆಚ್ಚಾದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದಕ್ಕೂ ಮುಂಚೆ, 2022ರಲ್ಲೇ, ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿತ್ತು: ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಗೆ ಕೊಡುವ ಇಂಥ ಸಾಲದಲ್ಲಿ, ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಅಂತ. ಈ ನಿಯಮ ನಮ್ಮ ಹಳ್ಳಿಯ ಎಷ್ಟು ಹೆಂಗಸರಿಗೆ ಗೊತ್ತು? ಗೊತ್ತಿದ್ದರೂ ತನ್ನ ಮನೆಯ ಕಂತು ಅರ್ಧ ಮೀರಿದೆಯೋ ಇಲ್ಲವೋ ಅಂತ ಲೆಕ್ಕ ಹಾಕಿ ಕೊಡುವವರು ಯಾರು? ಯಾವ ಸಾಲಕ್ಕೆ ರಾಜ್ಯದ ಕಾನೂನು, ಯಾವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಅಂತ ಬಿಡಿಸಿ ಹೇಳುವವರು ಯಾರು? ಬಡ್ಡಿಯ ದರ ಅಂದರೇನು, ಇಳಿಯುವ ಅಸಲಿಗೆ ಬಡ್ಡಿ ಹಾಕುವುದಕ್ಕೂ ಮೊದಲಿನ ಅಸಲಿಗೇ ಹಾಕುತ್ತಾ ಹೋಗುವುದಕ್ಕೂ ಏನು ವ್ಯತ್ಯಾಸ ಅಂತ ತಿಳಿದ ಒಬ್ಬ ಹುಡುಗಿ ಊರಿಗೊಬ್ಬಳಿದ್ದರೆ ಸಾಕು. ಅದಕ್ಕೆ ನಾನು ಅರ್ಥಶಾಸ್ತ್ರ ಅಂದದ್ದು. ನಿಮ್ಮಪ್ಪ ಬಿ.ಕಾಂ. ಅನ್ನುವುದರಲ್ಲೂ ಸ್ವಲ್ಪ ಹುರುಳಿದೆ ಅಂತ ಇಲ್ಲೇ ಒಪ್ಪಿಬಿಡುತ್ತೇನೆ. ಲೆಕ್ಕಪುಸ್ತಕ ಓದಲು ಬರುವವಳು ಸ್ವಸಹಾಯ ಸಂಘಕ್ಕೆ ಬಂಗಾರದಂಥವಳು. ಆದರೆ ಬಿ.ಕಾಂ. ನಿನ್ನನ್ನು ಅಂಗಡಿಯ ಲೆಕ್ಕಕ್ಕೆ ತಯಾರು ಮಾಡುತ್ತದೆ. ನಮಗೆ ಬೇಕಾದದ್ದು ಅಂಗಡಿಗೆ ಬಾಕಿ ಇರುವವರ ಲೆಕ್ಕ.

ಸಮಾಜಶಾಸ್ತ್ರ ಯಾಕೆ ಜೊತೆಗಿರಬೇಕು ಅಂದರೆ, ಎಲ್ಲವೂ ದುಡ್ಡಿನಿಂದ ತಿಳಿಯುವುದಿಲ್ಲ. 2020ರ ಮೇ ತಿಂಗಳಲ್ಲಿ ಮುಂಬಯಿಯಿಂದ ನಮ್ಮವರು ವಾಪಸ್ ಬಂದಾಗ ಕೆ.ಆರ್.ಪೇಟೆ, ನಾಗಮಂಗಲದ ಹಾಸ್ಟೆಲ್ಲುಗಳೆಲ್ಲ ಕ್ವಾರಂಟೈನ್ ಆದವು. ಕೆಲವು ದಿನ ಸಂಜೆಯ ಕೊರೊನಾ ಪಟ್ಟಿಯಲ್ಲಿ ಮಂಡ್ಯ ಮೇಲಿರುತ್ತಿತ್ತು. ಊರ ಹಬ್ಬಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬಾಂಬೆಯಿಂದ ಹಣ ಕಳಿಸುತ್ತಿದ್ದಾಗ ಅವರು ನಮ್ಮವರು. ಆ ಮೇ ತಿಂಗಳಲ್ಲಿ ಅವರು ‘ಬಾಂಬೆಯವರು’. ಅವರು ಯಾಕೆ ಹೋದರು ಅಂತ ಅರ್ಥಶಾಸ್ತ್ರ ಹೇಳುತ್ತದೆ. ಬಂದವರನ್ನು ಊರು ಯಾಕೆ ಒಳಗೆ ಬಿಟ್ಟುಕೊಳ್ಳಲು ಹಿಂಜರಿಯಿತು ಅನ್ನುವುದಕ್ಕೆ ಬೇರೆ ಓದು ಬೇಕು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದ ಗಣಪತಿ ಮೆರವಣಿಗೆಯಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟವಲ್ಲ, ಅದನ್ನು ಅರ್ಥಮಾಡಿಕೊಳ್ಳಲೂ ಆ ಓದೇ ಬೇಕು.

ಇನ್ನೊಂದು ವಿಷಯ ಬರೆಯಲು ಕೈ ಹಿಂದೆಗೆಯುತ್ತದೆ, ಆದರೂ ನೀನು ಹೆಣ್ಣುಮಗಳಾಗಿ ತಿಳಿದಿರಬೇಕು. 2023ರ ಕೊನೆಯಲ್ಲಿ ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದದ್ದು ಬೆಂಗಳೂರು ಪೊಲೀಸರ ತನಿಖೆಯಲ್ಲಿ ಹೊರಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ! ಆರು ತಿಂಗಳಿಗೆ, 2024ರ ಮೇನಲ್ಲಿ, ನಮ್ಮ ಪಾಂಡವಪುರದಲ್ಲೇ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿ ಹೆಣ್ಣು ಭ್ರೂಣದ ಗರ್ಭಪಾತ ನಡೆಸುತ್ತಿದ್ದವರು ಸಿಕ್ಕಿಬಿದ್ದರು. ಲಿಂಗಪತ್ತೆ ನಿಷೇಧದ ಕಾಯ್ದೆ ಬಂದದ್ದು 1994ರಲ್ಲಿ. ಕಾನೂನಿಗೆ ಮೂವತ್ತು ವರ್ಷ ವಯಸ್ಸಾಗಿದೆ, ಆಲೆಮನೆಗೆ ಹೋಗುವ ದಾರಿ ಇನ್ನೂ ಮುಚ್ಚಿಲ್ಲ. ಹೋದವರು ಬಡವರು ಮಾತ್ರ ಅಂದುಕೊಳ್ಳಬೇಡ. ನೀರಾವರಿ ಜಮೀನು ಹೆಚ್ಚಿದ್ದಷ್ಟೂ ಅದನ್ನು ಭಾಗ ಮಾಡಬಾರದು ಅನ್ನುವ ಆಸೆ ಹೆಚ್ಚು. ಇದನ್ನು ಬರೀ ಅಜ್ಞಾನ ಅಂತ ತಿಳಿದು ಜಾಥಾ ಮಾಡಿ, ಭಿತ್ತಿಪತ್ರ ಹಂಚಿ ಬಂದರೆ ಏನೂ ಆಗುವುದಿಲ್ಲ. ನಾವೂ ಬೇಕಾದಷ್ಟು ಜಾಥಾ ಮಾಡಿದ್ದೇವೆ, ಬಿಡು. ಆಸ್ತಿ, ವರದಕ್ಷಿಣೆ, ಕೊಳ್ಳಿ ಇಡಲು ಗಂಡು ಬೇಕೆಂಬ ನಂಬಿಕೆ, ಅತ್ತೆಯ ಒತ್ತಾಯ, ಇವೆಲ್ಲ ಒಂದು ಮನೆಯೊಳಗೆ ಹೇಗೆ ಹೆಣೆದುಕೊಂಡಿವೆ ಅಂತ ನೋಡಲು ಕಣ್ಣು ತಯಾರಾಗಬೇಕು. ಒಳ್ಳೆಯ ಸಮಾಜಶಾಸ್ತ್ರದ ಮೇಷ್ಟ್ರು ಸಿಕ್ಕಿದರೆ ಅದನ್ನು ಮಾಡುತ್ತಾರೆ. ನೋಟ್ಸ್ ಬರೆಸುವವರು ಸಿಕ್ಕಿದರೆ ನೀನೇ ಓದಿಕೊಳ್ಳಬೇಕು.

ಮನಃಶಾಸ್ತ್ರವನ್ನು ಪುಣ್ಯವಿದ್ದರೆ ಅಂದೆ. ಅದು ಮೈಸೂರಿನಲ್ಲಿ ಸಿಗುವಷ್ಟು ನಮ್ಮ ತಾಲೂಕು ಕಾಲೇಜುಗಳಲ್ಲಿ ಸಿಗುವುದಿಲ್ಲ. ದೂರಶಿಕ್ಷಣದಲ್ಲಿ ಮಾಡಿಕೊಳ್ಳುತ್ತೇನೆ ಅನ್ನಬೇಡ, 2025ರ ಪ್ರವೇಶದಿಂದ ಯುಜಿಸಿ ಅದನ್ನು ನಿಲ್ಲಿಸಿದೆ. ಆದರೆ ಆ ತಿಳಿವಳಿಕೆ ಬೇಕೇ ಬೇಕು. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಶನಿವಾರ, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಮೊದಲ ವಾರ ಇಡೀ ರಾಜ್ಯ ಅಲ್ಲಿತ್ತು. ಆಮೇಲೆ? ಮಗುವನ್ನು ಕಳೆದುಕೊಂಡ ತಾಯಿ ಆರು ತಿಂಗಳಾದರೂ ಊಟ ಮಾಡದಿದ್ದರೆ ಅದು ದುಃಖವೋ, ಚಿಕಿತ್ಸೆ ಬೇಕಾದ ಕಾಯಿಲೆಯೋ ಅಂತ ಗುರುತಿಸುವವರು ಹಳ್ಳಿಯಲ್ಲಿ ಯಾರೂ ಇರುವುದಿಲ್ಲ. ಗಾಳಿ ಸೋಕಿದೆ ಅನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ. ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗವೇ ಆಮೇಲೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ. ನಿನಗೆ ಈ ಕಡೆ ಒಲವಿದ್ದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯು ಮುಗಿಸಿ ನಿಮ್ಹಾನ್ಸಿನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಮುಂದಿನ ಓದಿಗೆ ಪ್ರಯತ್ನಿಸಬಹುದು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಸಮಾಜಕಾರ್ಯಕರ್ತರನ್ನು 2021ರ ಒಂದು ಕೇಂದ್ರ ಕಾಯ್ದೆ ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಆ ದಾರಿಯಲ್ಲಿ ಯಾವ ಪದವಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನುವುದು ಮುಂದೆ ಬಿಗಿಯಾಗಬಹುದು, ಕಣ್ಣಿಟ್ಟಿರು. ಅಲ್ಲಿಯವರೆಗೆ ತ್ರಿವೇಣಿಯವರ ‘ಶರಪಂಜರ’ ಓದು. ಅವರು ಮನಃಶಾಸ್ತ್ರ ಓದಿದವರು. ಗುಣವಾಗಿ ಆಸ್ಪತ್ರೆಯಿಂದ ಬಂದ ಹೆಣ್ಣನ್ನು ಮನೆಯವರೇ ಹೇಗೆ ಮತ್ತೆ ಹುಚ್ಚಿಯನ್ನಾಗಿ ಮಾಡುತ್ತಾರೆ ಅಂತ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ನಿಮ್ಮ ಲೆಕ್ಚರರ್ ಹೇಳಿದ ಬಿಎಸ್‌ಡಬ್ಲ್ಯು ಬಗ್ಗೆ. ಅದು ಕೆಟ್ಟದ್ದಲ್ಲ. ಡಿಗ್ರಿಯಲ್ಲೇ ಕ್ಷೇತ್ರಕಾರ್ಯ ಮಾಡಿಸುತ್ತಾರೆ, ಹಳ್ಳಿಗೆ, ಕೊಳೆಗೇರಿಗೆ, ಆಸ್ಪತ್ರೆಗೆ ಕಳಿಸುತ್ತಾರೆ. ಮಂಗಳೂರಿನ ರೋಶನಿ ನಿಲಯದಂಥ, 1960ರಿಂದ ಸಮಾಜಕಾರ್ಯವನ್ನೇ ಕಲಿಸಿಕೊಂಡು ಬಂದ ಕಡೆ ಸೀಟು ಸಿಕ್ಕಿ, ಹಾಸ್ಟೆಲ್ಲಿಗೆ ದುಡ್ಡಿದ್ದರೆ ನಾನೇ ಹೋಗು ಅನ್ನುತ್ತಿದ್ದೆ. ಆದರೆ ಹೆಸರಿಗೊಂದು ಕೋರ್ಸು, ಒಬ್ಬರೇ ಅತಿಥಿ ಉಪನ್ಯಾಸಕರು, ಕ್ಷೇತ್ರಕಾರ್ಯದ ಡೈರಿಯನ್ನು ಮನೆಯಲ್ಲೇ ಕೂತು ಬರೆಯುವ ಕಡೆಗೆ ಹೋದರೆ ಮೂರು ವರ್ಷ ಮಣ್ಣುಪಾಲು. ಹೇಗೂ ಈ ವೃತ್ತಿಗೆ ನಿಜವಾದ ಬಾಗಿಲು ಎಂಎಸ್‌ಡಬ್ಲ್ಯು. ಅದಕ್ಕೆ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಯಾವುದೇ ಪದವಿ ಆದರೂ ಆಗುತ್ತದೆ. ಗುಂಪಿನ ಜೊತೆ ಹೇಗೆ ಕೆಲಸ ಮಾಡಬೇಕು, ಒಂದು ಕೇಸನ್ನು ಹೇಗೆ ಬರೆದಿಡಬೇಕು ಅನ್ನುವುದನ್ನೆಲ್ಲ ಅಲ್ಲಿ ಎರಡು ವರ್ಷ ಅರೆದು ಕುಡಿಸುತ್ತಾರೆ. ಅರ್ಥಶಾಸ್ತ್ರವನ್ನು ಅಲ್ಲಿ ಯಾರೂ ಮೊದಲಿನಿಂದ ಕಲಿಸುವುದಿಲ್ಲ. ಆಮೇಲೆ ಸಿಗದೇ ಇರುವುದನ್ನು ಈಗ ಓದಿಕೊ ಅನ್ನುವುದಷ್ಟೇ ನನ್ನ ಲೆಕ್ಕಾಚಾರ.

ಓದಿದ ವಿಷಯವೇ ಮನುಷ್ಯನನ್ನು ಸಮಾಜಸೇವಕನನ್ನಾಗಿ ಮಾಡುತ್ತದೆ ಅಂತ ನಾನು ನಂಬುವುದಿಲ್ಲ, ನಮ್ಮ ಸುತ್ತಲೇ ನೋಡು. ಮೇಲುಕೋಟೆಯಲ್ಲಿ 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದ ಸುರೇಂದ್ರ ಕೌಲಗಿಯವರು ಉತ್ತರ ಕರ್ನಾಟಕದಿಂದ ಬಂದವರು, ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದವರು. ಇಲ್ಲಿ ನೆಲೆ ನಿಂತು ಮಕ್ಕಳ ಮನೆ, ಖಾದಿ, ಸಹಜ ಬೇಸಾಯ ಅಂತ ಬಾಳಿದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ವೈದ್ಯರು. ಮೈಸೂರಿನಲ್ಲಿ ಒಡನಾಡಿ ಸಂಸ್ಥೆ ಕಟ್ಟಿ, ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತಂದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಪತ್ರಕರ್ತರಾಗಿದ್ದವರು. ಕ್ಯಾತನಹಳ್ಳಿಯ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು ಹಸಿರು ಶಾಲು ಹಾಕಿಕೊಂಡು ಸಭೆಯಲ್ಲಿ ನಿಂತು ಒಂದು ಟನ್ ಕಬ್ಬಿನ ಖರ್ಚು-ವೆಚ್ಚ ಬಿಡಿಸಿಡುತ್ತಿದ್ದರೆ ಯಾವ ಪ್ರೊಫೆಸರೂ ಬೇಕಿರಲಿಲ್ಲ. ಇವರೆಲ್ಲರಿಗೂ ಕೈಯಲ್ಲಿ ಒಂದೊಂದು ಗಟ್ಟಿ ವಿದ್ಯೆ ಇತ್ತು. ನೊಗ ಇಲ್ಲದ ಎತ್ತಿನ ಹಾಗೆ ಬರಿಯ ಒಳ್ಳೆಯತನ ಹೊಲದಲ್ಲಿ ಸುತ್ತಾಡುತ್ತದೆ, ಉಳುವುದಿಲ್ಲ.

ಕೆಲಸ ಸಿಗುತ್ತದೆಯೇ ಅಂತ ಮನೆಯಲ್ಲಿ ಕೇಳುತ್ತಾರೆ, ಕೇಳಲೇಬೇಕು. ನನ್ನ ಇಲಾಖೆಯಿಂದಲೇ ಶುರು ಮಾಡುತ್ತೇನೆ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಆದದ್ದು ಪಕ್ಕದ ಟಿ.ನರಸೀಪುರದಲ್ಲಿ. ಇವತ್ತು ಮೇಲ್ವಿಚಾರಕಿ, ಸಿಡಿಪಿಒ ಹುದ್ದೆಗಳಿವೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ, 1098 ಸಹಾಯವಾಣಿ, ಸಂಜೀವಿನಿ ಒಕ್ಕೂಟಗಳಲ್ಲಿ ಕೆಲಸಗಳಿವೆ, ಆದರೆ ಅವುಗಳಲ್ಲಿ ಬಹುಪಾಲು ಗುತ್ತಿಗೆ. ಸಂಬಳ ಕಡಿಮೆ, ಅದೂ ಕೆಲವು ಸಲ ತಡ. ಇದನ್ನು ಮುಚ್ಚಿಟ್ಟು ನಿನ್ನನ್ನು ಹುರಿದುಂಬಿಸಲಾರೆ. ಎಂಎಸ್‌ಡಬ್ಲ್ಯು ಮಾಡಿದ ಎಷ್ಟೋ ಹೈಕಳು ಕಾರ್ಖಾನೆಗಳ ಎಚ್‌ಆರ್ ಕಡೆ ಹೋಗುವುದು ಇದಕ್ಕೇ. 500 ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣ ಅಧಿಕಾರಿ ಇರಬೇಕು ಅಂತ 1948ರ ಕಾಯ್ದೆಯೇ ಹೇಳಿತ್ತು. ನೀನೂ ಹೋದರೆ ನಾನು ಬೈಯುವುದಿಲ್ಲ, ಮನೆ ನಡೆಯಬೇಕಲ್ಲ. ಕೆಪಿಎಸ್‌ಸಿಯ ಹಳೆಯ ಅಧಿಸೂಚನೆಗಳನ್ನು ತೆಗೆದು ‘ವಿದ್ಯಾರ್ಹತೆ’ ಅನ್ನುವ ಕಾಲಂ ಮಾತ್ರ ಓದು. ಯಾವ ಹುದ್ದೆಗೆ ಯಾವ ವಿಷಯ ಕೇಳಿದ್ದಾರೆ ಅಂತ ಬರೆದಿಟ್ಟುಕೊ. ಸೇರಿದ ಮೇಲೆ ಗೊತ್ತಾಗಿ ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಖರ್ಚಿನ ವಿಷಯ. ನಾಲ್ಕು ವರ್ಷದ ಪದವಿ ಅಂತ ಇದ್ದದ್ದನ್ನು 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿದೆ, ಅಷ್ಟು ಉಳಿತಾಯ. 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಮೈಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದರೂ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನೀನು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿಯಲ್ಲೇ ಓದಿದವಳು. ಅಂಥ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ, 2025ರಿಂದ ಕರ್ನಾಟಕಕ್ಕೂ ಬಂದಿದೆ. ಅರ್ಜಿ ಆನ್‌ಲೈನ್, ಕೊನೆಯ ದಿನದವರೆಗೆ ಕಾಯಬೇಡ. ಮುಂದೆ ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯು ಮಾಡಬಹುದು. ಎದೆಗಾರಿಕೆ ಇದ್ದರೆ ಮುಂಬಯಿಯ ಟಾಟಾ ಸಂಸ್ಥೆ. 1936ರಲ್ಲಿ ಶುರುವಾದದ್ದು, ಈ ವಿದ್ಯೆಗೆ ದೇಶದಲ್ಲೇ ಮೊದಲ ಶಾಲೆ ಅದು. ಕೆ.ಆರ್.ಪೇಟೆಯವರಿಗೆ ಮುಂಬಯಿಯಲ್ಲಿ ಉಳಿಯಲು ಒಂದು ಮನೆ ಸಿಗದೇ ಇರುತ್ತದೆಯೇ!

ಈ ಮೂರು ವರ್ಷ ಪಾಠದ ಜೊತೆಗೆ ಸ್ವಲ್ಪ ಅಲೆದಾಡು. ನಿಮ್ಮೂರಿನ ಗ್ರಾಮಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರು, ಮಾತಾಡಬೇಡ, ಯಾರು ಮಾತಾಡುತ್ತಾರೆ ಯಾರು ಬಾಯಿ ಬಿಡುವುದಿಲ್ಲ ನೋಡು. ನಿಮ್ಮ ಮನೆಯ ಪಹಣಿ ತೆಗೆಸಿ ಓದು. ನಿಮ್ಮವ್ವನ ಸಂಘದ ಪಾಸ್‌ಬುಕ್ ಓದು. ಅವ್ವ ಕೊಡಲಾರಳು, ಉಪಾಯ ಮಾಡು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಟೆಂಟ್ ಹಾಕಿಕೊಂಡವರ ಮಕ್ಕಳು, ಆಲೆಮನೆಯಲ್ಲಿ ಉತ್ತರದ ಕಡೆಯಿಂದ ಬಂದು ದುಡಿಯುವವರ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದಾರೆ ಅಂತ ವಿಚಾರಿಸು. ಒಂದು ಅರ್ಜಿಯನ್ನು ತಪ್ಪಿಲ್ಲದ ಕನ್ನಡದಲ್ಲಿ, ಒಂದೇ ಪುಟದಲ್ಲಿ ಬರೆಯುವುದನ್ನು ರೂಢಿ ಮಾಡಿಕೊ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ ಗದ್ಯ ನಿಮ್ಮ ತಾಲೂಕಿನದೇ. ಹೇಳಬೇಕಾದ್ದನ್ನು ಸೊಗಸಾಗಿ, ನೆಟ್ಟಗೆ ಹೇಳುವುದು ಹೇಗೆ ಅಂತ ಅವರಿಂದ ಕಲಿ. ಇಂಗ್ಲಿಷಿನಲ್ಲಿ ಬಂದ ಒಂದು ಸರ್ಕಾರಿ ಆದೇಶವನ್ನು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ನಿನ್ನ ಇಂಗ್ಲಿಷ್ ಸಾಕು.

ಮದುವೆಯ ಮಾತು ಎತ್ತುತ್ತಾರೆ, ಅದು ನನಗೆ ಗೊತ್ತು. ಅದನ್ನು ನನಗೆ ಬಿಡು.

ಈ ವಾರವೇ ಕಾಲೇಜಿಗೆ ಹೋಗು. ಆಫೀಸಿನಲ್ಲಿ ಕೇಳಬೇಕಾದ್ದು ಇಷ್ಟೇ: ಎಕನಾಮಿಕ್ಸ್, ಸೋಷಿಯಾಲಜಿ ಎರಡೂ ಇರುವ ಕಾಂಬಿನೇಷನ್ ಇದೆಯೇ, ಎಕನಾಮಿಕ್ಸಿಗೆ ಕಾಯಂ ಮೇಷ್ಟ್ರು ಇದ್ದಾರೆಯೇ, ಎನ್‌ಎಸ್‌ಎಸ್ ಕ್ಯಾಂಪ್ ನಿಜವಾಗಿಯೂ ನಡೆಯುತ್ತದೆಯೇ. ಕೆ.ಆರ್.ಪೇಟೆಯಲ್ಲಿ ಇಲ್ಲವೆಂದರೆ ಮೈಸೂರಿನಲ್ಲಿ ಕೇಳು, ಇಲ್ಲಿ ಪಾಂಡವಪುರದಲ್ಲಿ ನಾನು ಕೇಳುತ್ತೇನೆ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇದೆ. ನಿಮ್ಮಪ್ಪನಿಗೂ ಈ ಕಾಗದ ಕೊಡು. ಒಪ್ಪದಿದ್ದರೆ ಜಗಳ ನನ್ನ ಹತ್ತಿರ ಆಡಲಿ, ನಿನ್ನ ಹತ್ತಿರ ಬೇಡ. ಏನೇ ಆದರೂ ಅರ್ಥಶಾಸ್ತ್ರ ಇಲ್ಲದ ಅರ್ಜಿಗೆ ಮಾತ್ರ ಸಹಿ ಹಾಕಬೇಡ ಕಣವ್ವ.

ಇಂತಿ ನಿನ್ನ ಪ್ರೀತಿಯ
ದೊಡ್ಡವ್ವ